‘ಪತ್ನೀಸಮೇತ’ ಎಂಬ ಸುಳ್ಳು

ಕಳೆದ ಮಾಗಿಯಲ್ಲಿ ಒಂದು ದಿನ ಪದವಿ ತರಗತಿಯ ಮಕ್ಕಳಿಗೆ ವಾಕ್ಯರಚನೆಯ ಅಭ್ಯಾಸ ಕೊಡಬೇಕಾಗಿತ್ತು. ಗುಬ್ಬಿಯಿಂದ, ಕುಣಿಗಲ್ಲಿನಿಂದ ಬೆಳಗಿನ ಬಸ್ಸು ಹಿಡಿದು ತುಮಕೂರಿಗೆ ಬರುವ ಮಕ್ಕಳು ಅವರು. ಅವರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ಕಡಮೆ. ಆದ್ದರಿಂದಲೇ ಅವರಿಗೊಂದು ಕಡಲ ಸಂಗತಿ ಹೇಳಿದೆ. 2016ರ ಕೊನೆಯ ಚಳಿಗಾಲದಲ್ಲಿ ಕೌಸ್ತುಭ್ ಖಾಡೆ ಎಂಬ ಯುವಕರು ಗುಜರಾತಿನ ಕರಾವಳಿಯಿಂದ ಕಯಾಕ್ ಎಂಬ ಸಪೂರ ದೋಣಿಯಲ್ಲಿ ತೆಂಕಣಕ್ಕೆ ಹೊರಟರು. ಹಾಯಿಯಿಲ್ಲ, ಯಂತ್ರವಿಲ್ಲ, ತೋಳ ಬಲ ಒಂದೇ. ಅವರ ಸಂಗಾತಿ ಶಾಂಜಲಿ ಶಾಹಿ ಅದೇ ದಾರಿಯನ್ನು ದಡದ ಮೇಲೆ ಸೈಕಲ್ ತುಳಿದು ಕ್ರಮಿಸಿದರು. ನಮ್ಮ ಕಾರವಾರ, ಮಂಗಳೂರುಗಳ ಕರಾವಳಿಯನ್ನೂ ಹಾದು, 2017ರ ಆರಂಭದಲ್ಲಿ, ಮೂರು ಸಾವಿರ ಕಿಲೋಮೀಟರುಗಳ ದಾರಿ ಮುಗಿಸಿ ಕನ್ಯಾಕುಮಾರಿ ಮುಟ್ಟಿದರು. ಈ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ ಎಂದೆ.

ಬಹುಮಂದಿ ಬರೆದ ವಾಕ್ಯ ಹೆಚ್ಚುಕಡಮೆ ಒಂದೇ: ಅವನು ಕನ್ಯಾಕುಮಾರಿಯವರೆಗೆ ದೋಣಿಯಲ್ಲಿ ಹೋದನು, ಅವಳು ಜೊತೆಗಿದ್ದಳು. ಒಬ್ಬ ಜಾಣ ಹುಡುಗ ‘ಪತ್ನೀಸಮೇತನಾಗಿ’ ಎಂದು ಬರೆದು ನನ್ನ ಮೆಚ್ಚುಗೆಗೆ ಕಾದಿದ್ದ. ಕುಣಿಗಲ್ ಕಡೆಯ ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು: ‘ಇಬ್ಬರೂ ಹೋದರು, ಒಬ್ಬರು ನೀರಿನಲ್ಲಿ, ಒಬ್ಬರು ನೆಲದಲ್ಲಿ.’ ಯಾಕಮ್ಮಾ ಹೀಗೆ ಬರೆದೆ ಎಂದು ಕೇಳಿದೆ. ‘ನಮ್ಮಪ್ಪ ಅಮ್ಮ ಕೆರೇಲಿ ಮೀನು ಹಿಡೀತಾರೆ ಸಾರ್. ತೆಪ್ಪದಲ್ಲಿ ಒಬ್ರು ಹುಟ್ಟು ಹಾಕಬೇಕು, ಒಬ್ರು ಬಲೆ ಬಿಡಬೇಕು. ಯಾರು ಯಾರ ಜೊತೆಗೆ ಅಂತ ಹೇಳೋದು?’ ಎಂದಳು.

ಈ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಇದೆ: ಯಾರೂ ಯಾರ ಜೊತೆಗೂ ಅಲ್ಲ. ‘ಪತ್ನೀಸಮೇತ’ ಎಂಬುದು ನಾವು ವಿನಯದ ಹೆಸರಿನಲ್ಲಿ ಆಡುತ್ತ ಬಂದಿರುವ ಒಂದು ಸುಳ್ಳು. ಲಗ್ನಪತ್ರಿಕೆಗಳಿಂದ, ಸನ್ಮಾನ ಪತ್ರಗಳಿಂದ, ಪತ್ರಿಕೆಗಳ ವರದಿಗಳಿಂದ ಅದನ್ನು ಕಿತ್ತುಹಾಕುವ ಕಾಲ ಬಂದಿದೆ.

ವಾಚಕರು ನನ್ನನ್ನು ಪರೋಪದೇಶ ಪಂಡಿತನೆಂದು ತಿಳಿಯಬಾರದು. ಮೊದಲ ಅಪರಾಧಿ ನಾನೇ. ಕೆಲವು ವರ್ಷಗಳ ಹಿಂದೆ ಡಿಸೆಂಬರ್ ರಜೆಯಲ್ಲಿ ನಾನೂ ನನ್ನ ಹೆಂಡತಿಯೂ ಮಲ್ಪೆಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ ನೋಡಿ ಬಂದೆವು. ಆ ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನೊಂದು ಪ್ರವಾಸ ಲೇಖನ ಬರೆದೆ. ‘ಪತ್ನೀಸಮೇತನಾಗಿ ಹೊರಟೆ’ ಎಂದು ಆರಂಭ. ಅಲ್ಲಿಂದ ಮುಂದೆ ‘ನಾನು ಕಂಡೆ’, ‘ನಾನು ಕೇಳಿದೆ’, ‘ನನಗೆ ತಿಳಿದುಬಂತು’. ನಿಜ ಸಂಗತಿಯೆಂದರೆ, ದೋಣಿ ಅಳಿವೆ ದಾಟಿದ ಮೇಲೆ ನನಗೆ ತಲೆಸುತ್ತು ಬಂದು, ಕಣ್ಣು ಮುಚ್ಚಿ ಹಲಗೆ ಹಿಡಿದು ಕುಳಿತಿದ್ದೆ. ದೋಣಿಯವರೊಡನೆ ಮಾತಾಡಿದವಳು ಆಕೆ. ಮಳೆಗಾಲ ಕಳೆದು ನವೆಂಬರಿನಿಂದ ಕಡಲು ಹೇಗೆ ತಣಿಯುತ್ತದೆ, ಬೆಳಗಿನ ಹೊತ್ತು ನೆಲದ ಕಡೆಯಿಂದ ಮೂಡಣ ಗಾಳಿ ಹೇಗೆ ಬೀಸುತ್ತದೆ, ಮಧ್ಯಾಹ್ನವಾದಂತೆ ಅದು ತಿರುಗಿ ವಾಯವ್ಯದಿಂದ ಕಡಲ ಗಾಳಿ ಹೇಗೆ ಏಳುತ್ತದೆ, ತೆಂಕಣಕ್ಕೆ ಹೋಗುವ ಹಾಯಿಗೆ ಈ ಎರಡೂ ಹೇಗೆ ಅನುಕೂಲ — ಇದೆಲ್ಲ ಆಕೆ ಕೇಳಿ ತಿಳಿದು ಆಮೇಲೆ ನನಗೆ ಹೇಳಿದ್ದು. ಸಂಚಿಕೆ ಅಚ್ಚಾಗಿ ಬಂದಾಗ ಓದಿ ನಕ್ಕಳು. ‘ನೀವು ಹೋಗಿದ್ರಿ ಬಿಡ್ರಿ. ನಾನು ಚೀಲದ ಲೆಕ್ಕ’ ಎಂದಳು. ಆಗ ನಾನೂ ನಕ್ಕೆ. ಆ ಹುಡುಗಿಯ ವಾಕ್ಯ ಓದಿದ ದಿನ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು.

ಇದು ಭಾವುಕತೆಯ ಮಾತಲ್ಲ, ವ್ಯಾಕರಣದ ಮಾತು. ‘ಸಹ’ ಎಂಬುದರೊಡನೆ ಬರುವ ಪದಕ್ಕೆ ಯಾವ ವಿಭಕ್ತಿ ಎಂದು ಪಾಣಿನಿ ಒಂದು ಸೂತ್ರದಲ್ಲಿ ಹೇಳಿದ್ದಾನೆ. ಆ ಪದವನ್ನು ‘ಅಪ್ರಧಾನ’ ಎಂದೇ ಕರೆದಿದ್ದಾನೆ. ಎಂದಮೇಲೆ ‘ಸಮೇತ’, ‘ಸಹಿತ’, ‘ಜೊತೆಗೆ’ ಎನ್ನುವ ಮಾತೆಲ್ಲ ಒಬ್ಬರನ್ನು ಮುಖ್ಯ ಮಾಡಿ ಇನ್ನೊಬ್ಬರನ್ನು ಬಾಲವಾಗಿಸುತ್ತದೆ. ಇದು ನಮ್ಮ ಪರಂಪರೆ ಎಂದು ವಾದಿಸುವವರಿಗೆ ಇನ್ನೊಂದು ಪದವನ್ನು ನೆನಪಿಸುತ್ತೇನೆ. ‘ದಂಪತಿ’ ಎಂಬುದು ವೇದಕಾಲದ ಮಾತು. ಮನೆಯ ಒಡೆಯರಿಬ್ಬರು ಎಂದು ಅದರ ಅರ್ಥ. ಒಡೆಯ ಮತ್ತು ಅವನ ಜೊತೆಯವಳು ಎಂದಲ್ಲ. ಇನ್ನು ನಮ್ಮ ಕನ್ನಡವೋ, ಸಂಸ್ಕೃತಕ್ಕಿಂತಲೂ ಉದಾರ. ‘ಹೋದನು’, ‘ಹೋದಳು’ ಎಂದು ಏಕವಚನದಲ್ಲಿ ಭೇದ ಮಾಡಿದರೂ, ಇಬ್ಬರಾದ ಕೂಡಲೇ ‘ಹೋದರು’ ಎಂದು ಒಂದೇ ರೂಪದಲ್ಲಿ ಗಂಡನ್ನೂ ಹೆಣ್ಣನ್ನೂ ಸಮನಾಗಿ ಕೂರಿಸುತ್ತದೆ. ತಾಯಿನುಡಿ ಕೊಟ್ಟ ಈ ನ್ಯಾಯವನ್ನು ಬಿಟ್ಟು ಎರವಲು ಸಮಾಸದ ಅನ್ಯಾಯವನ್ನು ನಾವು ತಲೆಯ ಮೇಲೆ ಹೊತ್ತಿದ್ದೇವೆ.

ಒಂದು ಆಕ್ಷೇಪ ಬಂದೀತು: ‘ಸ್ವಾಮಿ, ಆ ಯುವಕ ಸಮುದ್ರದಲ್ಲಿ ಒಬ್ಬನೇ ಹುಟ್ಟು ಹಾಕಿದ. ಅಪಾಯ ಅವನದು. ದಡದಲ್ಲಿ ಸೈಕಲ್ ತುಳಿದವಳನ್ನು ಅವನಿಗೆ ಸಮ ಮಾಡುವುದೆ?’ ಹುಟ್ಟು ಹಾಕಿದ ತೋಳಿನ ಕೀರ್ತಿಯನ್ನು ನಾನು ಕಸಿದುಕೊಳ್ಳುವುದಿಲ್ಲ. ಆದರೆ ಕರಾವಳಿಯ ಯಾನವೆಂದರೆ ಏನೆಂದು ಆಕ್ಷೇಪಿಸುವವರು ತಿಳಿಯಬೇಕು. ನಡುಗಡಲಲ್ಲಿ ಹೋಗುವ ಹಡಗಿಗೆ ದಡ ದೂರದ ಮಾತು. ದಡದ ಗುಂಟ ಹೋಗುವ ಸಣ್ಣ ದೋಣಿಗೆ ದಿನವೂ ಒಂದು ಹೊರಡುವಿಕೆ, ಒಂದು ಇಳಿಯುವಿಕೆ. ಅಪಾಯ ಹೆಚ್ಚಾಗಿ ಇರುವುದು ಅಲ್ಲಿಯೇ: ಅಲೆ ಒಡೆಯುವ ಕಡೆ, ಬಂಡೆಯ ಕಡೆ, ಮರಳದಿಬ್ಬ ಕಟ್ಟಿರುವ ನದಿಯ ಅಳಿವೆಯಲ್ಲಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ — ಒಂದೊಂದರ ಬಾಯಿಯೂ ಒಂದೊಂದು ಪರೀಕ್ಷೆ. ಸಂಜೆ ಯಾವ ಮರಳಿನಲ್ಲಿ ಇಳಿಯಬೇಕು, ಕುಡಿಯುವ ನೀರೆಲ್ಲಿ, ರಾತ್ರಿ ತಲೆಯಿಡುವುದು ಯಾರ ಅಂಗಳದಲ್ಲಿ — ಈ ಪ್ರಶ್ನೆಗಳು ದಿನವೂ ಏಳುತ್ತವೆ, ಅವಕ್ಕೆ ಉತ್ತರ ಸಿಕ್ಕುವುದು ನೆಲದ ಮೇಲೆ. ಅದೂ ಸುಮ್ಮನೆ ಕುಳಿತಿದ್ದ ನೆಲವಲ್ಲ. ಮೂರು ಸಾವಿರ ಕಿಲೋಮೀಟರು ತುಳಿದ ನೆಲ. ಹೀಗೆ ತುಳಿದವರನ್ನು ‘ಜೊತೆಗಿದ್ದವಳು’ ಎನ್ನುವುದಾದರೆ, ಸೈಕಲ್ ಮೇಲೆ ನಮ್ಮ ಗುಬ್ಬಿಯಿಂದ ತುಮಕೂರಿಗೆ ಬಂದು ಏದುಸಿರು ಬಿಡುವ ನಮ್ಮನ್ನು ಏನೆನ್ನಬೇಕೋ ನಾನರಿಯೆ.

ಹಾಯಿಯ ಹಡಗಿನಲ್ಲಂತೂ ಈ ಸುಳ್ಳು ಒಂದು ರಾತ್ರಿಯೂ ಬದುಕಲಾರದು. ಇಬ್ಬರೇ ಇರುವ ಹಡಗಿನಲ್ಲಿ ಒಬ್ಬರು ನಿದ್ರೆ ಹೋದರೆ ಇನ್ನೊಬ್ಬರು ಚುಕ್ಕಾಣಿಯನ್ನೂ ಗಾಳಿಯನ್ನೂ ಕಾಯಬೇಕು. ನಿದ್ರೆ ಹೋದವರ ಪ್ರಾಣ ಎಚ್ಚರವಿದ್ದವರ ಕೈಯಲ್ಲಿ. ಕೆಲವು ಗಂಟೆ ಕಳೆದರೆ ಅದು ತಿರುಗುಮುರುಗು. ನಮ್ಮ ನೌಕಾಪಡೆಯ ದಿಲ್ನಾ ಕೆ. ಮತ್ತು ರೂಪಾ ಎ. ಎಂಬ ಇಬ್ಬರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿಹಡಗಿನಲ್ಲಿ 2024ರ ಅಕ್ಟೋಬರ್ 2ರಂದು ಗೋವೆಯಿಂದ ಹೊರಟು, ಭೂಮಂಡಲವನ್ನೇ ಸುತ್ತಿ, 2025ರ ಮೇ ತಿಂಗಳ ಕೊನೆಯಲ್ಲಿ ಗೋವೆಗೆ ಮರಳಿದರು. ಸುಮಾರು ಎಂಟು ತಿಂಗಳು, ಇಬ್ಬರೇ. ‘ದಿಲ್ನಾ ಅವರು ರೂಪಾಸಮೇತರಾಗಿ ಹೋದರು’ ಎಂದು ಯಾರಾದರೂ ಬರೆದರೆ? ಓದುಗರು ನಕ್ಕಾರು. ಆ ಇಬ್ಬರ ಪೈಕಿ ಒಬ್ಬರು ಗಂಡನಾಗಿದ್ದರೆ ಮಾತ್ರ ಆ ವಾಕ್ಯ ನಮಗೆ ಸಹಜವಾಗಿ ತೋರುತ್ತಿತ್ತು. ರೋಗ ಇರುವುದು ಎಲ್ಲಿ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ದಂಪತಿಗಳ ನಿದರ್ಶನವೇ ಬೇಕೆಂದರೆ ನೆರೆಯ ಕೇರಳದಲ್ಲಿದೆ. ತ್ರಿಶೂರು ಜಿಲ್ಲೆಯ ಚೇಟ್ಟುವದ ಕಾರ್ತಿಕೇಯನ್ ಮತ್ತು ರೇಖಾ ಒಂದೇ ದೋಣಿಯಲ್ಲಿ ಕಡಲಿಗೆ ಇಳಿದು ಮೀನು ಹಿಡಿದವರು. ಕೈಯಾಳುಗಳು ಬಿಟ್ಟುಹೋದಾಗ ರೇಖಾ ತಾವೇ ದೋಣಿ ಹತ್ತಿದರು. ಆಳಗಡಲಿನ ಮೀನುಗಾರಿಕೆಗೆ ಪರವಾನಗಿ ಪಡೆದ ದೇಶದ ಮೊದಲ ಮಹಿಳೆಯೆಂದು 2017ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅವರನ್ನು ಗೌರವಿಸಿತು. ಗಂಡನ ಜೊತೆಗೆ ಹೋದವಳು ಎಂದಲ್ಲ, ಪರವಾನಗಿದಾರಳು ಎಂದು. ಎಲ್ಲ ವ್ಯತ್ಯಾಸವೂ ಆ ಒಂದು ಕಾಗದದಲ್ಲಿದೆ.

‘ಕಡಲೂ ಕಯಾಕೂ ಬಯಲುಸೀಮೆಯ ನಮಗೇಕೆ?’ ಎಂದು ತುಮಕೂರಿನ ಗೆಳೆಯರು ಕೇಳಬಹುದು. ನಮ್ಮ ದೇವರಾಯನದುರ್ಗದ ಬೆಟ್ಟಗಳಲ್ಲಿ ಬಿದ್ದ ಮಳೆ ಶಿಂಷೆಯಾಗಿ, ಮಾರ್ಕೋನಹಳ್ಳಿಯ ಜಲಾಶಯದಲ್ಲಿ ತಂಗಿ, ಕಾವೇರಿಯನ್ನು ಕೂಡಿ ಕಡಲಿಗೇ ಹೋಗುತ್ತದೆ. ನೀರಿನ ನ್ಯಾಯ ಎಲ್ಲೆಡೆಯೂ ಒಂದೇ. ಕಡಲಿನ ಪಾಠ ಕೆರೆಗೂ ಸಲ್ಲುತ್ತದೆ. ಆದರೆ ಕೆರೆಯ ವಿಷಯದಲ್ಲಿ ನಮ್ಮ ದಾಖಲೆ ಹೇಗಿದೆ? ‘ಕೆರೆಗೆ ಹಾರ’ವನ್ನು ನಾನು ವರ್ಷವರ್ಷವೂ ಪಾಠ ಮಾಡುತ್ತೇನೆ. ಕೆರೆಯಲ್ಲಿ ನೀರು ನಿಲ್ಲಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟ ಕಥೆ ಅದು. ಹೆಣ್ಣನ್ನು ನೀರಿಗೆ ಕೊಟ್ಟದ್ದನ್ನು ಹಾಡಿ ಕಣ್ಣೀರು ಸುರಿಸಿದ್ದೇವೆ. ನೀರಿನ ಮೇಲೆ ಅವಳ ಕೈಯಲ್ಲಿರುವ ಹುಟ್ಟನ್ನು ಲೆಕ್ಕಕ್ಕೆ ಬರೆಯಲು ನಮಗೆ ಶಾಯಿ ಸಾಲದು.

ನಮ್ಮ ಜಿಲ್ಲೆಯಲ್ಲೇ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಇದ್ದಿತು. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿ ಊರೂರು ಅಲೆದು ಕೀರ್ತಿ ಗಳಿಸಿತು. ಅದರ ರಂಗದ ಮೇಲೆ ಬಿ. ಜಯಮ್ಮನವರು ನಿಂತಾಗ, ವೀರಣ್ಣನವರ ಪತ್ನಿಯನ್ನು ನೋಡೋಣವೆಂದು ಯಾರೂ ಟಿಕೀಟು ಕೊಳ್ಳಲಿಲ್ಲ. ನಟಿಯನ್ನು ನೋಡಲು ಕೊಂಡರು. ಓದುಬರಹವಿಲ್ಲದ ಪ್ರೇಕ್ಷಕನಿಗೆ ತಿಳಿದಿದ್ದ ಈ ಮರ್ಯಾದೆ ಎಂ.ಎ. ಓದಿದ ನನಗೆ ತಿಳಿಯಲು ಒಬ್ಬ ವಿದ್ಯಾರ್ಥಿನಿ ಬೇಕಾಯಿತು.

‘ಒಂದು ಮಾತಿಗೆ ಇಷ್ಟು ಗಲಾಟೆಯೆ?’ — ಇದು ಕೊನೆಯ ಆಕ್ಷೇಪ, ಮತ್ತು ಎಲ್ಲಕ್ಕಿಂತ ಅಪಾಯಕಾರಿಯಾದುದು. ಮಾತು ಮಾತಾಗಿಯೇ ಉಳಿಯುವುದಿಲ್ಲ; ಪುಸ್ತಕಕ್ಕೆ ಇಳಿಯುತ್ತದೆ. ಆ ಹುಡುಗಿಯ ಮನೆಯ ಕಥೆ ಕೇಳಿ. ಊರಿನ ಹೆಸರೂ ಸಂಘದ ಹೆಸರೂ ಇಲ್ಲಿ ಬೇಡ. ಅವಳ ತಂದೆ ಒಂದು ವರ್ಷ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ತೆಪ್ಪ ಹತ್ತಲಾಗಲಿಲ್ಲ. ತಾಯಿ ತನ್ನ ತಮ್ಮನನ್ನು ಕೂರಿಸಿಕೊಂಡು ಬಲೆ ಬಿಟ್ಟು ಮನೆ ನಡೆಸಿದಳು. ಅದೇ ಸಮಯದಲ್ಲಿ ಮೀನುಗಾರರಿಗೆ ಬಲೆ ಹಂಚುವ ದಿನ ಬಂತು. ಆಕೆ ಹೋಗಿ ಸಾಲಿನಲ್ಲಿ ನಿಂತಳು. ‘ನಿಮ್ಮ ಹೆಸರು ಪುಸ್ತಕದಲ್ಲಿಲ್ಲ, ಯಜಮಾನರನ್ನು ಕಳಿಸಿ’ ಎಂದರಂತೆ. ಯಜಮಾನರು ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಇಪ್ಪತ್ತು ವರ್ಷ ಹುಟ್ಟು ಹಾಕಿದ ಕೈ ಬರಿಗೈಯಾಗಿ ಮನೆಗೆ ಬಂತು. ಪುಸ್ತಕ ಬರೆದವರು ದುಷ್ಟರಲ್ಲ; ನಮ್ಮ ಹಾಗೆಯೇ ‘ಅವನು ಮೀನು ಹಿಡಿಯುತ್ತಾನೆ, ಅವಳು ಜೊತೆಗಿರುತ್ತಾಳೆ’ ಎಂಬ ವಾಕ್ಯವನ್ನು ಕಲಿತವರು. ಆ ವಾಕ್ಯವನ್ನು ಕಲಿಸಿದವರು ಯಾರು? ನನ್ನಂಥ ಮೇಷ್ಟರು.

ಆದ್ದರಿಂದ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಲಗ್ನಪತ್ರಿಕೆ ಬರೆಯುವವರು ಎರಡು ಹೆಸರು ಬರೆಯಲಿ, ಕಾಗದಕ್ಕೇನೂ ಬರವಿಲ್ಲ. ಸಭೆಗಳಲ್ಲಿ ಹಾರ ಹಾಕುವವರು ಹೆಂಡತಿಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹೂವು ಕೊಟ್ಟು ಮುಗಿಸದೆ, ಆಕೆ ಏನು ಮಾಡಿದಳೆಂದು ಒಂದು ಮಾತು ವಿಚಾರಿಸಲಿ. ಪತ್ರಿಕೆಯವರು, ಇಬ್ಬರು ಮಾಡಿದ ಯಾನವನ್ನು ಇಬ್ಬರದೆಂದು ಬರೆಯಲಿ. ಸಂಘದ ಪುಸ್ತಕ ಇಟ್ಟುಕೊಂಡವರು ಒಂದು ದಿನ ಬೆಳಗಿನ ಜಾವ ಕೆರೆಯ ಏರಿಯ ಮೇಲೆ ನಿಂತು, ಒಂದೊಂದು ತೆಪ್ಪದಲ್ಲಿ ಎಷ್ಟು ತಲೆ ಕಾಣುತ್ತವೆಂದು ಎಣಿಸಲಿ. ಎಣಿಸಿದಷ್ಟು ಹೆಸರು ಬರೆದುಕೊಳ್ಳಲಿ.

ಆ ಹುಡುಗಿ ತಾಯಿಯ ಹೆಸರು ಸೇರಿಸಬೇಕೆಂದು ಒಂದು ಅರ್ಜಿ ಬರೆದು ಕಳೆದ ವಾರ ನನಗೆ ತೋರಿಸಲು ತಂದಿದ್ದಳು. ಅದರಲ್ಲಿ ಒಂದು ಒತ್ತಕ್ಷರ ತಪ್ಪಿತ್ತು, ತಿದ್ದಿದೆ. ವಾಕ್ಯಗಳಲ್ಲಿ ತಿದ್ದುವುದೇನೂ ಇರಲಿಲ್ಲ.