ಬಕೆಟ್ಟಿಗೆ ಬೀಳುವ ನೀರು ಎಲ್ಲಿಯದು?

ಮೇ ತಿಂಗಳ ಮಧ್ಯಾಹ್ನ ಉಡುಪಿಯಲ್ಲೋ ಮಣಿಪಾಲದಲ್ಲೋ ಏ.ಸಿ. ಹಾಕಿಸಿದ ಮನೆಯ ಹಿಂಬದಿಗೆ ಹೋಗಿ ನೋಡಿ. ಗೋಡೆಯ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಯಂತ್ರಕ್ಕೆ ಯಾರೂ ನೀರು ಹೊಯ್ದಿಲ್ಲ. ಮತ್ತೆ ಇದು ಎಲ್ಲಿಯದು?

ಕೋಣೆಯ ಗಾಳಿಯದ್ದೇ. ಏ.ಸಿ. ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಒಳಗಿನ ಸುರುಳಿಯಲ್ಲಿ ಶೀತಕ ದ್ರವ ಆವಿಯಾಗುತ್ತ ಶಾಖ ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಬಿಸಿಯೇರಿಸಿದಾಗ, ಅದು ಹೊರಗಿನ ಸುರುಳಿಯಲ್ಲಿ ಶಾಖ ಬಿಟ್ಟು ಪುನಃ ದ್ರವವಾಗುತ್ತದೆ.

ಕರಾವಳಿಯಲ್ಲಿ ಯಂತ್ರಕ್ಕೆ ಇನ್ನೊಂದು ಕೆಲಸವೂ ಉಂಟು. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ಹನಿ ಕೂರುವಂತೆ, ಗಾಳಿಯ ನೀರಾವಿ ತಣ್ಣನೆಯ ಸುರುಳಿಯ ಮೇಲೆ ಹನಿಗಟ್ಟುತ್ತದೆ. ಆಗ ಬಿಡುಗಡೆಯಾಗುವ ಗುಪ್ತೋಷ್ಣವನ್ನೂ ಯಂತ್ರವೇ ಹೊರಗೆ ಹಾಕಬೇಕು. ಬಕೆಟ್ ಇಟ್ಟು ಅಳೆಯಿರಿ: ಗಂಟೆಗೆ 1 ಲೀಟರ್ ಬಿದ್ದರೆ, 1 ಟನ್ ಏ.ಸಿ.ಯ ಸಾಮರ್ಥ್ಯದಲ್ಲಿ ಸುಮಾರು ಐದನೇ ಒಂದು ಪಾಲು ಆ ನೀರಿಗೇ ಹೋಯಿತು. (ಟನ್ ಎಂದರೆ ಯಂತ್ರದ ತೂಕವಲ್ಲ, 1 ಟನ್ ಮಂಜುಗಡ್ಡೆಯನ್ನು ಒಂದು ದಿನದಲ್ಲಿ ಕರಗಿಸುವಷ್ಟು ಶಾಖವನ್ನು ಸಾಗಿಸುವ ಶಕ್ತಿ.)

ಮಕ್ಕಳ ಓದಿಗೆಂದು ಕಾಪುವಿನ ಮನೆಗೆ ಅಗ್ಗದ ನೀರಿನ ಕೂಲರ್ ತಂದವರನ್ನು ಕಾಡುವುದೂ ಇದೇ ನೀರಾವಿ. ವಿಜಯಪುರದಂಥ ಒಣ ಊರಿನಲ್ಲಿ 40 ಡಿಗ್ರಿಯ, ಶೇ. 20 ಆರ್ದ್ರತೆಯ ಗಾಳಿಯನ್ನು ಕೂಲರ್ ಹೆಚ್ಚೆಂದರೆ 23ರ ಹತ್ತಿರಕ್ಕೆ ಇಳಿಸಬಲ್ಲದು. ಕಡಲ ಬದಿಯ 33 ಡಿಗ್ರಿಯ, ಶೇ. 70 ಆರ್ದ್ರತೆಯ ಗಾಳಿ 28ಕ್ಕಿಂತ ಕೆಳಗಿಳಿಯದು. ಮೇಲಾಗಿ ತೇವ ಹೆಚ್ಚಿ ಬೆವರೇ ಆರುವುದಿಲ್ಲ. ಕಿಟಕಿ ಮುಚ್ಚಿದರಂತೂ ಪುಸ್ತಕದ ಹಾಳೆಯೂ ಮೆತ್ತಗಾಗುತ್ತದೆ. ಅದಕ್ಕಿಂತ ಬರಿಯ ಫ್ಯಾನೇ ವಾಸಿ.

ಕಾರ್ಕಳದ ಹಂಚಿನ ಮನೆಗೆ ಏ.ಸಿ. ತರುವವರು ಮೊದಲು ಮುಚ್ಚಿಗೆ ನೋಡಿಕೊಳ್ಳಲಿ. ಹಂಚಿನ ಸಂದಿಯಿಂದ ತೇವದ ಗಾಳಿ ಬರುತ್ತಲೇ ಇದ್ದರೆ ಯಂತ್ರ ನೀರು ಹಿಂಡುತ್ತಲೇ ಇರುತ್ತದೆ, ಮೀಟರು ಓಡುತ್ತಲೇ ಇರುತ್ತದೆ.