ಮೂರು ಸಲ ಬದಲಾದ ಸೆಲ್ಫ್ ಮೋಟಾರು

ಸಾಕ್ಷ್ಯವಿಲ್ಲದೆ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸಬಾರದೆಂಬ ಪಾಠವನ್ನು ವಕೀಲನಾದ ನನಗೆ ಮತ್ತೊಬ್ಬರು ಹೇಳಿಕೊಡಬೇಕಾಗಿಲ್ಲವೆಂದು ಭಾವಿಸಿದ್ದೆ. ಆ ಭಾವನೆಯನ್ನು ತಿದ್ದಿದ್ದು ನಮ್ಮ ತಂದೆಯವರ ಕಾಲದ ಕಾರು. ಓದುಗರಲ್ಲಿ ಹಲವರ ಮನೆಯ ಮುಂದೆ ಇಂಥ ಹಳೆಯ ಗಾಡಿಯೊಂದು ನಿಂತಿರುವುದರಿಂದ, ಈ ವಾರ ಅದರ ಕಥೆಯನ್ನೇ ಹೇಳುತ್ತೇನೆ.

ನನ್ನ ವಾಸ ಹಿಂದೂಪುರದಲ್ಲಿ. ತಿಂಗಳಿಗೆ ಎರಡು ಮೂರು ಬಾರಿ ಕಲ್ಯಾಣದುರ್ಗದ ನ್ಯಾಯಾಲಯಕ್ಕೂ ಹೋಗಬೇಕಾಗುತ್ತದೆ. ಮಡಕಶಿರ ದಾಟಿ, ಕರ್ನಾಟಕದ ಪಾವಗಡವನ್ನು ಹಾದು, ಮತ್ತೆ ಆಂಧ್ರದ ನೆಲಕ್ಕೆ ಬರುವ ದಾರಿ. ಕಳೆದ ಬೇಸಿಗೆಯಲ್ಲಿ ಒಂದು ದಿನ ಕೀಲಿ ತಿರುಗಿಸಿದಾಗ 'ಟಕ್' ಎಂಬ ಒಂದೇ ಸದ್ದು ಕೇಳಿಸಿತು, ಇಂಜಿನ್ ತಿರುಗಲಿಲ್ಲ. ಸೆಲ್ಫ್ ಮೋಟಾರು ಕೆಟ್ಟಿದೆಯೆಂದರು. ಬಿಚ್ಚಿಸಿ, ಕಾರ್ಬನ್ ಬ್ರಷ್ ಬದಲಾಯಿಸಿ ಹಾಕಿಸಿದೆ. ಮೂರು ತಿಂಗಳಿಗೆ ಮತ್ತೆ ಅದೇ ಸದ್ದು. ಹೊಸ ಮೋಟಾರನ್ನೇ ಕೊಂಡೆ. ಅದು ದೀಪಾವಳಿಯವರೆಗೆ ನಡೆಯಿತು. ಮತ್ತೊಂದನ್ನು ಕೊಂಡೆ. ಕೊಟ್ಟವರನ್ನು ಕೇಳಿದರೆ, "ಎಲೆಕ್ಟ್ರಿಕಲ್ ಸಾಮಾನಿಗೆ ಗ್ಯಾರಂಟಿ ಇಲ್ಲ ಸಾರ್" ಎಂಬ ಉತ್ತರ ಸಿಕ್ಕಿತು.

ಮೂರನೆಯ ಮೋಟಾರು ಕೈಕೊಟ್ಟ ದಿನವನ್ನು ನಾನು ಮರೆಯಲಾರೆ. ಪಾವಗಡದಲ್ಲಿ ಚಹಾ ಕುಡಿದು, ಮುಂದೆ ಒಂದು ಕಡೆ ಫೋನಿನಲ್ಲಿ ಮಾತನಾಡಲೆಂದು ಗಾಡಿ ನಿಲ್ಲಿಸಿದೆ. ಕಾದ ಇಂಜಿನ್ ಮತ್ತೆ ತಿರುಗಲಿಲ್ಲ. ಅದೇ ತಾಲೂಕಿನ ತಿರುಮಣಿಯ ಸುತ್ತ 2,050 ಮೆಗಾವ್ಯಾಟಿನ ಸೌರವಿದ್ಯುತ್ ಕ್ಷೇತ್ರವಿದೆ; ನನ್ನ ಗಾಡಿಗೋ ಹನ್ನೆರಡು ವೋಲ್ಟಿಗೂ ಬಡತನ. ತಳ್ಳಲು ನಾಲ್ಕು ಜನ ಸಿಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಕಲ್ಯಾಣದುರ್ಗ ಸೇರುವ ಹೊತ್ತಿಗೆ ನನ್ನ ಕಕ್ಷಿದಾರಳಾದ ವೃದ್ಧೆಯೊಬ್ಬಳ ಜಮೀನಿನ ದಾವೆಯ ಕರೆ ಮುಗಿದಿತ್ತು. ಎದುರು ಪಕ್ಷದವರು ಹಾಜರಿದ್ದರು, ವಾದಿಯ ಪರ ಯಾರೂ ಇರಲಿಲ್ಲ. ದಾವೆ ವಜಾ ಆಯಿತು.

ಆಕೆ ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದಳು. "ಸ್ವಾಮಿ, ನಾನು ಒಂಬತ್ತು ಗಂಟೆಗೇ ಬಂದೆ. ನೀವು ಬಂದ ಮೇಲೆ ಒಳಗೆ ಹೋಗೋಣ ಅಂತ ಕೂತೆ" ಎಂದಳು. ಹೆಸರು ಕೂಗಿದಾಗ ತಾನೇ ಹೋಗಿ ನಿಲ್ಲಬಹುದಿತ್ತೆಂಬುದು ಆಕೆಗೆ ತಿಳಿದಿರಲಿಲ್ಲ, ತಿಳಿಸಬೇಕಾಗಿದ್ದವನು ನಾನು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 8ರಂತೆ ಹೀಗೆ ವಜಾ ಆದ ದಾವೆಯನ್ನು ನಿಯಮ 9ರಂತೆ ಮರಳಿ ದಾಖಲೆಗೆ ತರಿಸಬಹುದು. ಆದರೆ ಅದಕ್ಕೆ ಮೂವತ್ತು ದಿನಗಳೊಳಗೆ ಅರ್ಜಿ ಹಾಕಿ, ಗೈರುಹಾಜರಿಗೆ ತಕ್ಕ ಕಾರಣವಿತ್ತೆಂದು ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಡಬೇಕು.

ಆ ಮಧ್ಯಾಹ್ನ ವಕೀಲರ ಕೊಠಡಿಯಲ್ಲಿ ಕುಳಿತು, ಬಿಡಿಭಾಗ ಮಾರಿದ ಅಂಗಡಿಯವರಿಗೆ ನೋಟೀಸಿನ ಕರಡು ಬರೆದೆ. ದೋಷಯುಕ್ತ ಸರಕು, ಸೇವೆಯಲ್ಲಿನ ಕೊರತೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆ - ಏನನ್ನೂ ಬಿಡಲಿಲ್ಲ. ಸಂಜೆ ಹೊರಡಲು ನೋಡಿದರೆ ಗಾಡಿ ಮತ್ತೆ 'ಟಕ್' ಎಂದಿತು.

ಯಾರೋ ಹೋಗಿ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಅವರು ಮೋಟಾರನ್ನು ಮುಟ್ಟಲೇ ಇಲ್ಲ. ನನ್ನಿಂದ ಎರಡು ಮೂರು ಸಲ ಕೀಲಿ ತಿರುಗಿಸಿದರು. ಆಮೇಲೆ, "ಸಾರ್, ಕ್ಲಚ್ ಕೇಬಲ್ ಮುಟ್ಟಿ ನೋಡಿ, ಜೋಪಾನ" ಎಂದರು. ಮುಟ್ಟಿದೆ, ಬೆರಳು ಸುಟ್ಟಂತಾಯಿತು. "ಕರೆಂಟು ಹೋಗಬೇಕಾದ ದಾರಿ ಮುಚ್ಚಿದೆ, ಅದಕ್ಕೇ ಕಳ್ಳದಾರಿ ಹಿಡಿದಿದೆ" ಎಂದು ನಕ್ಕರು.

ಅವರು ತೋರಿಸಿಕೊಟ್ಟ ವಿಷಯ ಹೀಗಿದೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಮೋಟಾರನ್ನು ತಿರುಗಿಸಿದ ಮೇಲೆ ಮರಳಿ ಬ್ಯಾಟರಿಗೆ ಬರಬೇಕು. ಇಂಜಿನ್ ರಬ್ಬರಿನ ಮೇಲೆ ಕುಳಿತಿರುವುದರಿಂದ ಗಾಡಿಯ ಕಬ್ಬಿಣದ ಮೈಗೂ ಅದಕ್ಕೂ ನೇರ ಸಂಪರ್ಕವಿಲ್ಲ. ಹೆಣೆದ ತಾಮ್ರದ ಪಟ್ಟಿಯೊಂದು ಇವೆರಡನ್ನೂ ಜೋಡಿಸುತ್ತದೆ. ಅದನ್ನು ಅರ್ಥಿಂಗ್ ಎನ್ನುತ್ತಾರೆ. ನಮ್ಮ ಗಾಡಿಯಲ್ಲಿ ಆ ಪಟ್ಟಿಯ ಬೋಲ್ಟಿನ ಕೆಳಗೆ ಹಸಿರು ಕಿಲುಬು ಕಟ್ಟಿತ್ತು, ಎಳೆಗಳಲ್ಲಿ ಅರ್ಧ ಹರಿದಿದ್ದವು. ದಾರಿ ಕಾಣದ ವಿದ್ಯುತ್ತು ಕ್ಲಚ್ ಕೇಬಲಿನ ಮೂಲಕ ಹರಿದು ಅದನ್ನು ಕಾಯಿಸಿತ್ತು.

ಹಾಗಾದರೆ ಇದು ಮೊದಲೇ ಏಕೆ ತಿಳಿಯಲಿಲ್ಲ? ಗಾಡಿ ಸುಮ್ಮನೆ ನಿಂತಿರುವಾಗ ಮೀಟರು ಹಿಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪ್ರವಾಹವಿಲ್ಲದಾಗ ಕೆಟ್ಟ ಜೋಡಣೆಯೂ ಒಳ್ಳೆಯ ಜೋಡಣೆಯಂತೆಯೇ ಇರುತ್ತದೆ. ಪಾಟೀಸವಾಲಿಗೆ ನಿಂತಾಗಲೇ ಸಾಕ್ಷಿಯ ನಿಜ ಹೊರಬರುವಂತೆ, ಮೋಟಾರು ತಿರುಗುವ ಕ್ಷಣದಲ್ಲಿಯೇ ಅಳೆಯಬೇಕು. ಅವರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೂ ಹಿಡಿದು ಕೀಲಿ ತಿರುಗಿಸಲು ಹೇಳಿದರು. 0.2 ಅಥವಾ 0.3 ವೋಲ್ಟ್ ದಾಟಬಾರದ ಮುಳ್ಳು 2.4ಕ್ಕೆ ಏರಿತು.

ಭಾನುವಾರ ಹತ್ತನೆಯ ತರಗತಿಯ ಮಗಳಿಗೆ ಈ ಅಂಕಿಗಳನ್ನು ಕೊಟ್ಟೆ. ಮೋಟಾರು ಎಳೆಯುವ ಪ್ರವಾಹ 120 ಆಂಪಿಯರ್ ಎಂದಿಟ್ಟುಕೊಳ್ಳಲು ಹೇಳಿದೆ. ಕನ್ನಡದ ಪಠ್ಯಪುಸ್ತಕದಲ್ಲಿ ಓದಿದ ಓಮನ ನಿಯಮವನ್ನು ಹಾಕಿ, ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದಳು, ರೋಧ 0.02 ಓಮ್ ಬಂತು. "ಇಷ್ಟೇ ಇಷ್ಟಕ್ಕೆ ಗಾಡಿ ನಿಂತಿತೇ ಅಪ್ಪಾ?" ಎಂದಳು. 2.4ನ್ನು 120ರಿಂದ ಗುಣಿಸಲು ಹೇಳಿದೆ, 288 ವ್ಯಾಟ್. ಹಳೆಯ 60 ವ್ಯಾಟಿನ ಬಲ್ಬುಗಳು ಐದು ಉರಿದಷ್ಟು ಶಕ್ತಿ ಆ ದಾರಿಯಲ್ಲಿಯೇ ಬಿಸಿಯಾಗಿ ಸೋರಿಹೋಗುತ್ತಿತ್ತು. ಮೋಟಾರಿಗೆ ತಲುಪುತ್ತಿದ್ದುದು ಎಂಟು ವೋಲ್ಟಿನಷ್ಟು ಮಾತ್ರ. ಅಷ್ಟರಲ್ಲಿ ಸೋಲೆನಾಯ್ಡ್ ಗಟ್ಟಿಯಾಗಿ ಹಿಡಿಯದೆ ಬಡಿದುಕೊಳ್ಳುತ್ತದೆ, ಕಿಡಿ ಹಾರಿ ತಾಮ್ರದ ಬಿಲ್ಲೆಗಳು ಸುಡುತ್ತವೆ; ಬಹಳ ಹೊತ್ತು ತಿರುಗಿಸುವುದರಿಂದ ಮೋಟಾರು ಕಾಯುತ್ತದೆ. ಮೋಟಾರು ಕೆಟ್ಟದ್ದು ನಿಜ, ಕೆಡಿಸಿದ್ದು ಬೇರೆಯದು. ಪ್ರತಿ ಸಲ ಹೊಸದನ್ನು ಕೂರಿಸುವಾಗ ಅಕ್ಕಪಕ್ಕದ ಜೋಡಣೆಗಳೂ ಅಲುಗಿ ಬಿಗಿಯಾಗುತ್ತಿದ್ದುದರಿಂದ ಕೆಲವು ತಿಂಗಳು ಎಲ್ಲವೂ ಸರಿಹೋದಂತೆ ತೋರುತ್ತಿತ್ತು.

ಇಂಥ ತೊಂದರೆಯಿರುವವರು ಹಣ ಚೆಲ್ಲುವ ಮೊದಲು ಹೀಗೆ ಮಾಡಬಹುದು. ಮೊದಲು ಬ್ಯಾಟರಿ: ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟಿನ ಸುತ್ತಮುತ್ತ ಇರಬೇಕು, ಮೋಟಾರು ತಿರುಗುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಆಮೇಲೆ ಎರಡೂ ಕಡೆಯ ಕೇಬಲುಗಳು: ಧನ ಕಂಬದಿಂದ ಮೋಟಾರಿನವರೆಗೆ ನಷ್ಟ ಅರ್ಧ ವೋಲ್ಟಿನೊಳಗಿರಬೇಕು, ಋಣದ ಕಡೆಯ ಲೆಕ್ಕವನ್ನು ಮೇಲೆ ಹೇಳಿದ್ದೇನೆ. ಇವೆಲ್ಲ ಸರಿಯಿದ್ದೂ ಮೋಟಾರು ಪದೇ ಪದೇ ಹಾಳಾದರೆ ಇನ್ನಿತರ ಕಾರಣಗಳನ್ನು ಹುಡುಕಬೇಕು. ಮೋಟಾರಿನ ಮೇಲೆ ಆಯಿಲ್ ಸೋರುತ್ತಿದೆಯೇ, ಅದರ ಬೋಲ್ಟುಗಳು ಸಡಿಲವೇ, ಇಂಜಿನ್ ಹೊತ್ತಿಕೊಂಡ ಮೇಲೂ ಕೀಲಿಯ ಸ್ವಿಚ್ಚು ಅಂಟಿಕೊಂಡು ಮೋಟಾರನ್ನು ತಿರುಗಿಸುತ್ತಿದೆಯೇ? ಕರಕರ ಸದ್ದು ಬಂದರೆ ಫ್ಲೈವೀಲಿನ ಹಲ್ಲುಗಳು ಸವೆದಿರಬಹುದು. ಅಳೆಯುವಾಗ ಗೇರು ನ್ಯೂಟ್ರಲಿನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಕೈಯ ಉಂಗುರ ತೆಗೆದಿರಲಿ. ಮಕ್ಕಳು ಲೆಕ್ಕ ಮಾಡಲಿ, ಬಾನೆಟ್ಟಿನೊಳಗೆ ಕೈಹಾಕುವುದು ಬೇಡ. ಬದಲಾಯಿಸಿದ ಹಳೆಯ ಭಾಗವನ್ನೂ ಬಿಲ್ಲನ್ನೂ ತಪ್ಪದೆ ಕೇಳಿ ಪಡೆಯಿರಿ. ನಿಜವಾಗಿ ದೋಷವಿದ್ದಾಗ ನಿಮ್ಮ ಪರ ಮಾತನಾಡುವ ಸಾಕ್ಷ್ಯ ಅವೇ.

ನಮ್ಮ ಹಿರಿಯರು ಹ್ಯಾಂಡಲ್ ಹಾಕಿ ಲಾರಿ ತಿರುಗಿಸುತ್ತಿದ್ದುದನ್ನು ಕೆಲವರಾದರೂ ನೋಡಿರಬಹುದು. ಹ್ಯಾಂಡಲ್ ಹಿಮ್ಮುಖವಾಗಿ ಒದ್ದು ಕೈ ಮುರಿದುಕೊಂಡವರೂ ಇದ್ದರು. ಆ ಕಷ್ಟವನ್ನು ತಪ್ಪಿಸಲೆಂದೇ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ನೂರು ವರ್ಷ ದಾಟಿದ ಆ ಸರಳ ಯಂತ್ರವನ್ನು ನಾನು ಮೂರು ಸಲ ದಂಡಿಸಿದೆ. ಅದನ್ನು ಮಾರಿದವರನ್ನೂ ನ್ಯಾಯಾಲಯಕ್ಕೆ ಎಳೆಯಲು ಹೊರಟಿದ್ದೆ. ಎರಡು ಮೋಟಾರು ಕೊಳ್ಳಲು ಕೊಟ್ಟ ಹಣದ ಮುಂದೆ ಆ ತಾಮ್ರದ ಪಟ್ಟಿಯ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ನೋಟೀಸಿನ ಕರಡನ್ನು ಹರಿದುಹಾಕಿದೆ. ವೃದ್ಧೆಯ ದಾವೆಗಾಗಿ ಹಾಕಿದ ಅರ್ಜಿಯಲ್ಲಿ ನಡೆದುದನ್ನು ನಡೆದಂತೆಯೇ ಪ್ರಮಾಣಪತ್ರದಲ್ಲಿ ಬರೆದೆ. ನ್ಯಾಯಾಲಯ ಅದನ್ನು ಒಪ್ಪಿ, ಎದುರು ಪಕ್ಷಕ್ಕೆ ಖರ್ಚು ಕೊಡುವಂತೆ ಆದೇಶಿಸಿ ದಾವೆಯನ್ನು ಮರಳಿ ತೆಗೆದುಕೊಂಡಿತು. ಆ ಖರ್ಚನ್ನು ನಾನೇ ಕಟ್ಟಿದೆ. ಗಾಡಿ ಈಗ ಒಂದೇ ತಿರುವಿಗೆ ಎದ್ದು ನಿಲ್ಲುತ್ತದೆ. ಆದರೂ ಆಕೆಯ ಮುಂದಿನ ವಾಯಿದೆಗೆ ನಾನು ಹಿಂದಿನ ಸಂಜೆಯೇ ಕಲ್ಯಾಣದುರ್ಗ ಸೇರಲಿದ್ದೇನೆ. ಹೆಸರು ಕೂಗಿದರೆ ಒಳಗೆ ಹೋಗಿ "ಇದ್ದೇನೆ" ಎನ್ನಬೇಕೆಂದು ಆಕೆಗೂ ಹೇಳಿದ್ದೇನೆ.