ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ರಿಪೇರಿ ಮಾಡಲು?

ಮಡಿಕೇರಿ: ಕೈಲ್ ಪೊಳ್ದ್ ಹತ್ತಿರ ಬಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಒರೆಸಿ, ಎಣ್ಣೆ ಹಚ್ಚಿ ಪೂಜೆಗೆ ಇಡುವ ಮುಂಚೆ ಅಲ್ಲಾಡಿಸಿ ನೋಡಿದವರಿಗೆ ಕೆಲವೊಮ್ಮೆ ಗೊತ್ತಾಗುತ್ತದೆ, ಕಬ್ಬಿಣಕ್ಕೂ ಮರಕ್ಕೂ ನಡುವೆ ಆಟ ಬಂದಿದೆ ಅಂತ.

ಇದು ಮಳೆಯ ಕೆಲಸ. ಮರ ತೇವ ಹೀರಿ ಅಡ್ಡಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹೊರಗೆ ಎಷ್ಟೇ ಪಾಲಿಶ್ ಇರಲಿ, ಕಬ್ಬಿಣ ಕೂರುವ ಒಳಗಿನ ಗುಳಿಗೆ ಏನೂ ಹಚ್ಚಿರದಿದ್ದರೆ ತೇವ ಅಲ್ಲಿಂದಲೇ ನುಗ್ಗುತ್ತದೆ. ವರ್ಷ ವರ್ಷ ಹೀಗಾಗಿ ಜಾಗ ಸಡಿಲವಾಗುತ್ತದೆ. ಆಗ ಗುಂಡಿನ ಒದೆತ ಸಮನಾಗಿ ಬೀಳದೆ ಮರದ ಒಂದೇ ಕಡೆ ಗುದ್ದುತ್ತದೆ. ಮೊದಲು ಗುರಿ ತಪ್ಪುತ್ತದೆ. ಆಮೇಲೆ ಮರ ಸೀಳುತ್ತದೆ.

ಇದಕ್ಕೆ ಮದ್ದು 'ಬೆಡ್ಡಿಂಗ್'. ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ಗುಳಿಗೆ ತುಂಬಿ, ಕಬ್ಬಿಣಕ್ಕೆ ಮೇಣ ಸವರಿ ಕೂರಿಸಿದರೆ ಅಂಟು ಅದರ ಅಚ್ಚಿಗೇ ಗಟ್ಟಿಯಾಗುತ್ತದೆ. ಯೂಟ್ಯೂಬ್ ತುಂಬಾ ಇದರ ವಿಡಿಯೋ. ನೋಡಿದ ಹುಡುಗರಿಗೆ ಭಾನುವಾರ ಮಧ್ಯಾಹ್ನದ ಕೆಲಸ ಅನ್ನಿಸುತ್ತದೆ. ಮೇಣ ಹಚ್ಚಲು ಒಂದು ಕಡೆ ಮರೆತರೆ ಅಜ್ಜನ ಕಾಲದ ಕೋವಿ ಮರಕ್ಕೆ ಶಾಶ್ವತವಾಗಿ ಅಂಟಿತು ಅಂತಲೇ ಲೆಕ್ಕ.

ಇನ್ನೊಂದು ತೊಡಕೂ ಇದೆ. ಆ ವಿಡಿಯೋಗಳು ಹೆಚ್ಚಾಗಿ ಅಮೆರಿಕದ ಒಂದೇ ತುಂಡು ಮರದ ರೈಫಲ್‌ಗಳದ್ದು. ಅವುಗಳಲ್ಲಿ ಒದೆತ ತಡೆಯಲು ಕಬ್ಬಿಣದ ಅಡಿಯಲ್ಲೊಂದು ಗಟ್ಟಿ ಹಲ್ಲು ಇರುತ್ತದೆ. ಇಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ ಲೀ-ಎನ್‌ಫೀಲ್ಡ್ ಮಾದರಿಯದು, ಮರ ಎರಡು ತುಂಡು. ಅದರಲ್ಲಿ ಒದೆತ ತಡೆಯುವುದು ಮುಂದಿನ ಮರದ ಹಿಂತುದಿ. ಅಲ್ಲಿ ನೋಡಿದ ಪಾಠ ಇಲ್ಲಿ ನಡೆಯಲ್ಲ. ಜೋಡಿ ನಳಿಗೆ ಕೋವಿಯ ಕಥೆಯಂತೂ ಪೂರ್ತಿ ಬೇರೆ.

ಕೈಕೆಲಸ ಸರಿಯಾಗಿಯೇ ಆಯಿತು ಅಂತಿಟ್ಟುಕೊಳ್ಳೋಣ. ಕಾನೂನು? ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 3 ಮತ್ತು 4ಕ್ಕೆ, ಅಂದರೆ ಕೋವಿ ಇಟ್ಟುಕೊಳ್ಳಲು, ಒಯ್ಯಲು. ತಯಾರಿ, ಮಾರಾಟ, ರಿಪೇರಿಗೆ ಲೈಸೆನ್ಸ್ ಕೇಳುವುದು ಕಲಂ 5. 'ಕೊಡಗಿನವರಿಗೆ ಕೋವಿ ಫ್ರೀ' ಅನ್ನುವ ಮಾತಿನಲ್ಲಿ ಈ ವ್ಯತ್ಯಾಸ ಕಳೆದುಹೋಗಿದೆ.

ಶಿಕ್ಷೆಯೂ ಹಿಂದಿನ ಹಾಗಿಲ್ಲ. ಕಲಂ 5 ಮೀರಿದರೆ ಕನಿಷ್ಠ ಮೂರು ವರ್ಷ ಜೈಲು ಇತ್ತು. 2019ರ ತಿದ್ದುಪಡಿ ಅದನ್ನು ಕನಿಷ್ಠ ಏಳು ವರ್ಷ ಮಾಡಿತು, ಗರಿಷ್ಠ ಜೀವಾವಧಿ. ಗುರಿ ಇಟ್ಟದ್ದು ಕಳ್ಳ ಕೋವಿ ತಯಾರಕರ ಮೇಲೆ, ಸರಿ. ಆದರೆ 'ರಿಪೇರಿ' ಅನ್ನುವ ಪದ ಅದೇ ಸಾಲಿನಲ್ಲಿ ಕೂತಿದೆ.

ಮನೆಯ ಕೋವಿಯ ಸ್ಕ್ರೂ ಬಿಗಿ ಮಾಡಿದ್ದಕ್ಕೆ ಯಾರೂ ಕೇಸ್ ಹಾಕಲ್ಲ ಅನ್ನುವ ಧೈರ್ಯ ಎಲ್ಲರಿಗೂ ಇದೆ. ನಿಜ ಇರಬಹುದು. ಕೈ ಪಳಗಿದ ಅಣ್ಣನೊಬ್ಬ ಊರವರ ನಾಲ್ಕು ಕೋವಿ ತಂದಿಟ್ಟುಕೊಂಡು, ಖರ್ಚಿಗೆ ಅಂತ ಐನೂರು ಈಸ್ಕೊಂಡರೆ ಆ ಧೈರ್ಯ ಎಷ್ಟು ದೂರ ಬರುತ್ತದೆ? ಮರ ಸೀಳಿ ಯಾರಿಗಾದರೂ ಗಾಯವಾದ ದಿನ ಪೊಲೀಸರು ಮೊದಲು ಕೇಳುವುದು ಕೋವಿ ಬಿಚ್ಚಿದವರು ಯಾರು ಅಂತ. 2029ರಲ್ಲಿ ವಿನಾಯಿತಿ ಮತ್ತೆ ಚರ್ಚೆಗೆ ಬಂದಾಗ ಅಂಥದ್ದೊಂದು ಕೇಸ್ ಸಾಕು, ವಿರೋಧಿಸುವವರಿಗೆ.

ಜಿಲ್ಲಾಡಳಿತಕ್ಕೆ ಇದು ದೊಡ್ಡ ಕೆಲಸವೇನಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಹಬ್ಬಕ್ಕೆ ಮುಂಚೆ ತಾಲ್ಲೂಕಿಗೊಂದು ದಿನ ಕೂರಿಸಬಹುದು. ಮನೆಯಲ್ಲಿ ಏನು ಮಾಡಬಹುದು, ಏನು ಕೂಡದು ಅಂತ ಕನ್ನಡದಲ್ಲಿ ಒಂದು ಹಾಳೆ ಹೊರಡಿಸಬಹುದು. ಅಲ್ಲಿಯವರೆಗೆ ಸಡಿಲ ಕಂಡ ಕೋವಿಯನ್ನು ಹಬ್ಬದ ದಿನ ಪೂಜೆಗೆ ಇಡಿ, ತೆಂಗಿನಕಾಯಿ ಹೊಡೆಯಲು ಬೇರೆ ಕೋವಿ ತೆಗೆದುಕೊಳ್ಳಿ.